ಕೊನೆಯವರೆಗೆ ತಿರುಗಿಸಿದ ಟ್ರೆಬಲ್

ನನ್ನ ಕಿವಿ ಹೋಗಿದೆ. ಪೂರ್ತಿ ಹೋಗಿಲ್ಲ, ಮೇಲಿನ ಸ್ವರಗಳ ಕಡೆ ಹೋಗಿದೆ. ಬಸ್ಸಿನ ಹಾರ್ನ್ ಕೇಳುತ್ತದೆ, ಬಾಗಿಲು ಬಡಿದರೆ ಕೇಳುತ್ತದೆ, ಯಾರಾದರೂ ಬೈದರೆ ಚೆನ್ನಾಗಿಯೇ ಕೇಳುತ್ತದೆ. ಹಾಡಿನೊಳಗಿನ ತಾಳದ ಕಿಣಿಕಿಣಿ, ತಂತಿಗೆ ಉಗುರು ತಾಗುವ ಸದ್ದು, ಹಾಡುವವಳು ಸಾಲಿಗೂ ಸಾಲಿಗೂ ನಡುವೆ ಎಳೆದುಕೊಳ್ಳುವ ಉಸಿರು, ಇವು ಕೇಳುವುದಿಲ್ಲ. ಹಾಡು ಕೇಳುವುದೊಂದನ್ನು ಬಿಟ್ಟರೆ ಬೇರೆ ಸುಖ ಗೊತ್ತಿಲ್ಲದ ನನ್ನಂಥವನಿಗೆ ಇದು ಸಣ್ಣ ನಷ್ಟವಲ್ಲ. ಹೋದದ್ದು ನನ್ನ ಕಿವಿಯೇ ಎಂದು ತಿಳಿಯಲು ಐದು ವರ್ಷ ಬೇಕಾಯಿತು. ಅಷ್ಟು ದಿನವೂ ನಾನು ಬೈದದ್ದು ಮೆಷಿನ್ನುಗಳನ್ನು.

ನಮ್ಮದು ತಮಿಳುನಾಡಿನ ನೆಗಮಂ ಕಡೆಯ ನೇಕಾರರ ಮನೆತನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅಪ್ಪ ಕೈಮಗ್ಗದಲ್ಲಿ ಕೂತು ಹತ್ತಿ ಸೀರೆ ನೇಯುತ್ತಿದ್ದರು. ನಾನು ಹದಿನೆಂಟಕ್ಕೆ ಪಲ್ಲಡದ ಹತ್ತಿರ ಪವರ್‌ಲೂಮ್ ಶೆಡ್ಡಿಗೆ ಸೇರಿದೆ. ಆ ಮಗ್ಗವನ್ನು ನಾವು ತರಿ ಅನ್ನುತ್ತೇವೆ. ಈಗ ಮನೆಯ ಹಿಂದೆಯೇ ತಗಡಿನ ಶೆಡ್ಡು ಹಾಕಿಕೊಂಡು ಆರು ತರಿ ಓಡಿಸುತ್ತಿದ್ದೇನೆ. ತರಿ ಎಂದರೇನು ಎಂದು ಗೊತ್ತಿಲ್ಲದವರಿಗೆ ಹೇಳುವುದಾದರೆ, ಆರು ಜನ ಒಟ್ಟಿಗೆ ಬಾಗಿಲು ಬಡಿಯುತ್ತಿದ್ದಾರೆ, ಯಾರೂ ಬಾಗಿಲು ತೆಗೆಯುತ್ತಿಲ್ಲ, ಅಷ್ಟೆ. ಅದರೊಳಗೆ ಮಾತು ನಡೆಯುವುದಿಲ್ಲ. ನೂಲು ಹರಿಯಿತು, ಬಾಬಿನ್ ಮುಗಿಯಿತು, ಊಟಕ್ಕೆ ಬಾ, ಎಲ್ಲಕ್ಕೂ ಕೈಸನ್ನೆ. ಹೊರಗೆ ಬಂದ ಮೇಲೂ ನಾವು ಕೂಗಿಯೇ ಮಾತಾಡುತ್ತೇವೆ. ಊರಿನವರೆಲ್ಲ ಹಾಗೆಯೇ ಮಾತಾಡುವುದರಿಂದ ಯಾರ ಕಿವಿ ಎಷ್ಟು ಮಂದವಾಗಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು. ತರಿ ಇರುವ ಮನೆಯಲ್ಲಿ ಸದ್ದು ಜಾಸ್ತಿಯಾಯಿತು ಎಂದು ಯಾರೂ ಬಾಯಿ ಬಿಡುವುದಿಲ್ಲ. ಹಾಗೆ ಹೇಳುವುದು ಅಪಶಕುನ. ಸದ್ದು ಇದ್ದರೆ ಒಲೆ ಉರಿಯುತ್ತದೆ. ಮಟಮಟ ಮಧ್ಯಾಹ್ನ ಕರೆಂಟು ಹೋಗಿ ಬೀದಿಯೆಲ್ಲ ಸುಮ್ಮನಾದರೆ ಮಲಗಿದ್ದ ಮುದುಕಿಯರೂ ಎದ್ದು ಬಂದು ಏನಾಯಿತು ಎಂದು ಕೇಳುತ್ತಾರೆ. ನಮ್ಮ ಕಡೆ ಹೆದರಿಕೆ ಹುಟ್ಟಿಸುವುದು ಮೌನ.

ಭಾನುವಾರ ತರಿಗೆ ರಜೆ. ಅವತ್ತು ಮಧ್ಯಾಹ್ನ ಊಟವಾದ ಮೇಲೆ ನನ್ನ ಹಾಡಿನ ಹೊತ್ತು. ಮದುವೆಗೂ ಮುಂಚಿನ ಅಭ್ಯಾಸ ಅದು. ಆಗ ಕೊಯಮತ್ತೂರಿನ ಗಾಂಧಿಪುರದ ಒಂದು ಸಂದಿಯಲ್ಲಿ ಆಂಪ್ಲಿಫೈಯರ್ ಜೋಡಿಸಿ ಕೊಡುವ ಒಬ್ಬರಿದ್ದರು. ಟ್ರಾನ್ಸ್‌ಫಾರ್ಮರ್ ಸುತ್ತುವುದರಿಂದ ಹಿಡಿದು ಡಬ್ಬಿಗೆ ಬಣ್ಣ ಹೊಡೆಯುವವರೆಗೆ ಎಲ್ಲ ಅವರ ಕೈಯಲ್ಲೇ. ಅವರು ಮಾಡಿಕೊಟ್ಟ ಡಬ್ಬಿಗೆ ಎರಡು ಸ್ಪೀಕರು, ಒಂದು ಕ್ಯಾಸೆಟ್ ಡೆಕ್ಕು, ಅಲ್ಲಿಂದ ಶುರುವಾಯಿತು ನನ್ನ ಹುಚ್ಚು. ಆಮೇಲೆ ಸಿ.ಡಿ. ಬಂತು, ಕ್ಯಾಸೆಟ್ಟು ಅಟ್ಟಕ್ಕೆ ಹೋಯಿತು. ಕೋಣೆಯ ಸುತ್ತ ಸ್ಪೀಕರು ನಿಲ್ಲಿಸುವ ಕಾಲ ಬಂತು. ಹಾಡುವವನು ಎದುರಿಗಿದ್ದು ತಬಲದವನು ನನ್ನ ಬೆನ್ನ ಹಿಂದೆ ಯಾಕೆ ಕೂತಿದ್ದಾನೆ ಎಂದು ಆಗಲೂ ಅರ್ಥವಾಗಲಿಲ್ಲ, ಈಗಲೂ ಆಗಿಲ್ಲ. ಈಗ ಎಲ್ಲವೂ ಫೋನಿನಲ್ಲಿದೆ. ಎಲ್ಲ ಇದೆ ಎಂದು ಗೊತ್ತಾದ ಮೇಲೆ ಯಾವುದನ್ನೂ ಕೊನೆಯವರೆಗೆ ಕೇಳುವ ತಾಳ್ಮೆ ಉಳಿದಿಲ್ಲ.

ಹಾಡಿನ ಸುದ್ದಿಗಳೂ ಸಾಕಾಗಿವೆ. ನಮ್ಮದೊಂದು ವಾಟ್ಸಾಪ್ ಗುಂಪಿದೆ, ಕೊಯಮತ್ತೂರು ತಿರುಪ್ಪೂರು ಕಡೆಯ ಹಾಡಿನ ಹುಚ್ಚರದು. ಮೊದಲು ಅಲ್ಲಿ ಹಾಡಿನ ಮಾತಿತ್ತು. ಈಗ ಬೆಳಿಗ್ಗೆ ಎದ್ದರೆ ಸುದ್ದಿ. ಯಾವ ಹಾಡಿನ ಹಕ್ಕು ಯಾರದು ಎಂಬ ಜಗಳ. ಜಗಳ ಮುಗಿಯುವವರೆಗೆ ಆ ಹಾಡು ಫೋನಿನಿಂದ ಮಾಯ. ತೀರಿಕೊಂಡ ಗಾಯಕರ ದನಿಯನ್ನು ಕಂಪ್ಯೂಟರಿನಲ್ಲಿ ಎಬ್ಬಿಸಿ ಹೊಸ ಹಾಡು ಹಾಡಿಸಿದ್ದಾರೆ ಎಂದು ಒಬ್ಬರು ಹಾಕಿದರೆ, ಅಯ್ಯೋ ಪಾಪ ಎಂದು ಇಬ್ಬರು, ಅದ್ಭುತ ಎಂದು ನಾಲ್ವರು. ದೊಡ್ಡ ಸಂಗೀತ ಕಛೇರಿಗೆ ಹೋದವರು ಬಂದು ಹೇಳುವುದು ಗಾಡಿ ನಿಲ್ಲಿಸಲು ಜಾಗ ಸಿಗದ ಕಥೆ. ಹಳೆಯ ಹಾಡನ್ನು ತೊಳೆದು ಬಳಿದು ಹೊಸದಾಗಿ ಬಿಡುತ್ತಾರಂತೆ, ಮೂಲ ಟೇಪಿನಿಂದಲೇ ಮಾಡಿದ್ದಂತೆ. ಮನಸ್ಸು ತಡೆಯದೆ ನಾನೂ ಕೇಳುತ್ತಿದ್ದೆ. ಕೇಳಿ ಮುಗಿಸಿ ಗುಂಪಿನಲ್ಲಿ ಉದ್ದಕ್ಕೆ ಬರೆಯುತ್ತಿದ್ದೆ: ಕೊಂದುಬಿಟ್ಟಿದ್ದಾರೆ, ತಾಳ ಎಲ್ಲಿ, ತಂತಿ ಎಲ್ಲಿ, ಹಾಡಿನ ಮೇಲೆ ಕಂಬಳಿ ಹೊದಿಸಿದ್ದಾರೆ. ಯಾರಾದರೂ ನಮಗೆ ಕೇಳುತ್ತಿದೆಯಲ್ಲ ಎಂದರೆ ನಿಮಗೆ ಕೇಳಲು ಬರುವುದಿಲ್ಲ ಎಂದು ಅವರಿಗೇ ತಿರುಗಿ ಹೇಳುತ್ತಿದ್ದೆ. ಅದನ್ನೆಲ್ಲ ಈಗ ನೆನೆದರೆ ಮೈ ಮುದುಡುತ್ತದೆ.

ಮೊದಲು ಸ್ಪೀಕರಿನ ಮೇಲೆ ಅನುಮಾನ ಬಂತು, ಬದಲಾಯಿಸಿದೆ. ಆಮೇಲೆ ವೈರು. ಆಮೇಲೆ ಗೋಡೆ, ಪರದೆ ಹಾಕಿದೆ, ತೆಗೆದೆ, ಸೋಫಾವನ್ನು ಆ ಕಡೆಯಿಂದ ಈ ಕಡೆಗೆ ಎಳೆದೆ. ಒಂದೊಂದು ಬದಲಾವಣೆಯಾದಾಗಲೂ ಒಂದು ವಾರ ಹಾಡು ಮರಳಿ ಬಂತೆಂದು ನಂಬುತ್ತಿದ್ದೆ. ಎರಡನೇ ವಾರ ಮತ್ತೆ ಕಂಬಳಿ. ಜೊತೆಗೆ ಮೇಲಿನ ಸ್ವರಗಳನ್ನು ಎತ್ತಿ ಕೊಡುವ ಟ್ರೆಬಲ್ ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ತಿರುಗಿಸುತ್ತಾ ಬಂದೆ. ಒಂದು ದಿನ ಅದು ಕೊನೆ ಮುಟ್ಟಿತು, ಇನ್ನು ತಿರುಗಲಿಲ್ಲ. ಆಗ ಆಂಪ್ಲಿಫೈಯರೇ ಕೆಟ್ಟಿದೆ ಎಂದು ತೀರ್ಮಾನಿಸಿದೆ.

ಅದನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಗಾಂಧಿಪುರಕ್ಕೆ ಹೋದೆ. ಆ ಹಳೆಯವರು ಈಗಿಲ್ಲ. ಅವರ ಅಂಗಡಿಯನ್ನು ಅವರ ಶಿಷ್ಯರೊಬ್ಬರು ನಡೆಸುತ್ತಿದ್ದಾರೆ, ಅವರಿಗೂ ತಲೆ ನರೆತಿದೆ. ಬಿಚ್ಚಿ ನೋಡಿದರು, ಮೀಟರು ಇಟ್ಟರು, ಏನೂ ಆಗಿಲ್ಲವಲ್ಲ ಅಣ್ಣಾ ಎಂದು ತಮಿಳಿನಲ್ಲಿ ಹೇಳಿದರು. ನಾನು ಬಿಡಲಿಲ್ಲ. ಮೇಲಿನ ಸ್ವರ ಸತ್ತೇ ಹೋಗಿದೆ, ನಿಮಗೆ ಗೊತ್ತಾಗುತ್ತಿಲ್ಲ ಎಂದೆ. ಸರಿ, ಪರೀಕ್ಷೆ ಮಾಡಿಬಿಡೋಣ ಎಂದು ಅವರು ಫೋನಿಗೆ ವೈರು ಸಿಕ್ಕಿಸಿ, ಸ್ಪೀಕರಿಗೆ ಜೋಡಿಸಿ, ಒಂದೇ ಸ್ವರವನ್ನು ಸಣ್ಣಗೆ ಏರಿಸುತ್ತಾ ಹೋದರು. ಸೀಟಿಯಂತೆ ಕೇಳುತ್ತಿತ್ತು, ಆಮೇಲೆ ನಿಂತಿತು. ನಾನು ಕಾದೆ. ಅವರು ಫೋನನ್ನೇ ನೋಡುತ್ತಿದ್ದರು.

“ಏನಣ್ಣಾ, ನಿಲ್ಲಿಸಿಬಿಟ್ಟಿರಾ? ಮುಂದಿನದು ಹಾಕಿ” ಎಂದೆ.

ಬಿಲ್ಲು ಬರೆಯುತ್ತಿದ್ದ ಹೆಂಗಸು ಎರಡೂ ಕಿವಿಗೆ ಬೆರಳಿಟ್ಟು ಮುಖ ಸಿಂಡರಿಸಿ ಕೂತಿದ್ದರು. ಬಾಗಿಲಲ್ಲಿ ವೈರು ಕೇಳಲು ಬಂದಿದ್ದವನೊಬ್ಬ ಕಿವಿ ಮುಚ್ಚಿಕೊಂಡು ಹಿಂದಕ್ಕೆ ಸರಿದ. ನನಗೆ ಕೇಳುತ್ತಿದ್ದದ್ದು ಹೊರಗಿನ ಬಸ್ಸುಗಳು ಮಾತ್ರ. ಅಂಗಡಿಯವರು ಫೋನು ಆರಿಸಿದರು. ಏನು ಕೆಲಸ ಎಂದು ಕೇಳಿದರು. ತರಿ ಎಂದೆ. ಎಷ್ಟು ವರ್ಷ? ಮೂವತ್ತೈದು. ಅವರು ತಲೆ ಆಡಿಸಿ ಡಬ್ಬಿಯ ಸ್ಕ್ರೂಗಳನ್ನು ಒಂದೊಂದಾಗಿ ತಿರುಗಿಸಿ ಮುಚ್ಚಿದರು.

“ಆಂಪ್ಲಿಫೈಯರ್ ತುಂಬಾ ಚೆನ್ನಾಗಿದೆ ಅಣ್ಣಾ” ಎಂದರು.

ಕಿವಿ ಡಾಕ್ಟರೂ ಅದನ್ನೇ ಹೇಳಿದರು, ಕಾಗದದ ಮೇಲೆ ಗೀಟು ಎಳೆದು ತೋರಿಸಿ. ಗೀಟು ಅರ್ಧದವರೆಗೆ ನೆಟ್ಟಗೆ ಬಂದು ಆಮೇಲೆ ಬಾವಿಗೆ ಬಿದ್ದಿತ್ತು. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಿ, ಶೆಡ್ಡಿಗೆ ಹೋಗುವಾಗ ಕಿವಿಗೆ ಏನಾದರೂ ಹಾಕಿಕೊಳ್ಳಿ ಎಂದರು. ಮೂವತ್ತೈದು ವರ್ಷದಲ್ಲಿ ನನಗೆ ಆ ಮಾತು ಹೇಳಿದ ಮೊದಲನೆಯವರು ಅವರು. ಕಿವಿಗೆ ಮೆಷಿನ್ ಹಾಕಿದರೆ ಮಾತು ಕೇಳುತ್ತದೆ, ಹಾಡು ಮೊದಲಿನಂತೆ ಕೇಳುವುದು ಕಷ್ಟ ಎಂದೂ ಹೇಳಿದರು. ಹಾಗಾದರೆ ಬೇಡ ಎಂದು ಎದ್ದು ಬಂದೆ. ಅಳು ಬರಲಿಲ್ಲ. ದಣಿವಾಯಿತು, ಮೂರು ದಿನ ಎರಡು ಪಾಳಿ ಒಟ್ಟಿಗೆ ಮಾಡಿದವನಷ್ಟು ದಣಿವು.

ಮನೆಯಲ್ಲಿ ಹೇಳಲಿಲ್ಲ. ಹೇಳುವುದೇನು? ಐದು ವರ್ಷ ಸ್ಪೀಕರು, ವೈರು, ಪರದೆ ಎಂದು ಮನೆಯನ್ನು ತಲೆಕೆಳಗು ಮಾಡಿದ್ದು ಸುಮ್ಮನೆ ಎಂದೆ? ಮುಂದಿನ ಭಾನುವಾರ ಎಂದಿನಂತೆ ಸೆಟ್ಟಿನ ಮುಂದೆ ಹೋಗಿ ಕೂತೆ. ಗುಂಡಿ ಕೊನೆಯಲ್ಲೇ ಇತ್ತು. ಹಾಡು ಹಾಕಿದೆ. ಆದರೆ ಕೂತಿರಲಾಗಲಿಲ್ಲ. ಇವಳಿಗಾದರೂ ಹೇಳಿಬಿಡೋಣ ಎಂದು ಎದ್ದು ಹಿಂದಕ್ಕೆ ತಿರುಗಿದೆ.

ನನ್ನ ಹೆಂಡತಿ ಸಿರುಮುಗೈಯವಳು. ಅವಳ ತವರಿನಲ್ಲಿ ಈಗಲೂ ಕೈಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಾರೆ, ಆ ಮನೆಗಳಲ್ಲಿ ಪಿಸುಮಾತೂ ಕೇಳುತ್ತದೆ. ಇಲ್ಲಿಗೆ ಬಂದ ಮೇಲೆ ಅವಳು ಶೆಡ್ಡಿಗೆ ಇಳಿದವಳಲ್ಲ. ಮುಂದಿನ ಕೋಣೆಯಲ್ಲಿ ಕೂತು ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಾಳೆ. ನಾನು ಹಾಡು ಕೇಳುವಾಗ ಬೆನ್ನ ಹಿಂದೆ ಅವಳು ಕುಚ್ಚು ಕಟ್ಟುತ್ತಿರುತ್ತಾಳೆ ಎಂದು ನನಗೆ ಗೊತ್ತಿತ್ತು. ಅವಳೂ ಕೇಳುತ್ತಿದ್ದಾಳೆ ಎಂದು ಅಂದುಕೊಂಡಿದ್ದೆ. ಇಬ್ಬರೂ ಸೇರಿ ಹಾಡು ಕೇಳುವ ಮನೆ ನಮ್ಮದು ಎಂದು ಗುಂಪಿನಲ್ಲಿ ಬರೆದದ್ದೂ ಉಂಟು.

ನಾನು ತಿರುಗಿದಾಗ ಅವಳು ತಲೆ ಒಂದು ಕಡೆಗೆ ಬಾಗಿಸಿ ಹತ್ತಿಯ ಉಂಡೆಯೊಂದನ್ನು ಕಿವಿಗೆ ಒತ್ತುತ್ತಿದ್ದಳು. ಇನ್ನೊಂದು ಕಿವಿಯಲ್ಲಿ ಆಗಲೇ ಇತ್ತು. ನನ್ನನ್ನು ನೋಡಿದ ಕೂಡಲೇ ಕೈ ಕೆಳಗಿಳಿಸಿದಳು, ಏನೋ ಕದ್ದು ಸಿಕ್ಕಿಬಿದ್ದವಳ ಹಾಗೆ. ನಾನು ಹಾಡು ನಿಲ್ಲಿಸಿದೆ. ಅವಳು ಹತ್ತಿ ತೆಗೆದಳು.

“ಎಷ್ಟು ದಿವಸದಿಂದ?” ಎಂದೆ.

“ಏನುಂಗ, ಇದಕ್ಕೆಲ್ಲಾ ಕಣಕ್ಕು ಇಡ್ತಾರಾ?” ಎಂದು, ಲೆಕ್ಕ ಇಡುವ ಸಂಗತಿಯೇ ಅಲ್ಲ ಎಂಬಂತೆ ನಗಲು ನೋಡಿದಳು. ಹತ್ತಿಯನ್ನು ಮಡಿಲಿಗೆ ಹಾಕಿಕೊಂಡಳು. “ಒಂದು ಮೂರು ವರ್ಷ ಇರ್ತದೆ.”

“ಹಿಂದೆ ತರಿ ಓಡ್ತದಲ್ಲ, ಅದಕ್ಕೂ ಹಾಕ್ಕೊಂತೀಯಾ?”

“ಇಲ್ಲ. ಅದು ಮೊದ್ದು ಸೌಂಡು, ಪಳಗಿ ಹೋಯ್ತು. ಇದು ಸೂಜಿ ಹಾಕಿ ಕುತ್ತಿದಂಗೆ ಇರ್ತದೆ.” ಹೇಳಿದ ಮೇಲೆ ಅವಳಿಗೇ ಕೆಡುಕೆನಿಸಿತು. “ಪರವಾಗಿಲ್ಲ, ನೀವು ಕೇಳಿ. ನಿಮಗೆ ಇರೋದು ಇದೊಂದೇ.”

“ಬಾಯಿಬಿಟ್ಟು ಹೇಳಬಾರದಾಗಿತ್ತಾ?”

“ತರಿ ಮನೆಗೆ ಬಂದು ಸೌಂಡು ಜಾಸ್ತಿ ಅಂತ ಹೇಳಕ್ಕಾಗ್ತದಾ? ಬಂದ ಮೊದಲ ದಿವಸವೇ ನಿಮ್ಮಮ್ಮ ಹೇಳಿದ್ರು, ಆ ಮಾತು ಮಾತ್ರ ಬಾಯಿಂದ ಬರಬಾರದು ಅಂತ.”

ನಾನು ಅಲ್ಲೇ ನೆಲದ ಮೇಲೆ ಅವಳ ಎದುರಿಗೆ ಕೂತೆ. ಅಂಗಡಿಯಲ್ಲಿ ನಡೆದದ್ದು, ಡಾಕ್ಟರು ಹೇಳಿದ್ದು, ಎಲ್ಲ ಹೇಳಿದೆ. ಕೂಗಿ ಹೇಳುತ್ತಿದ್ದೆನೋ ಏನೋ, ಮೆಲ್ಲಗೆ ಎಂದು ಕೈಸನ್ನೆ ಮಾಡಿದಳು. ಸೆರಗಿನ ರೇಷ್ಮೆ ಎಳೆಗಳು ಅವಳ ಬೆರಳಲ್ಲಿ ಸಿಕ್ಕಿಕೊಂಡಿದ್ದವು, ಅವನ್ನು ಬಿಡಿಸುತ್ತಾ ಕೇಳಿದಳು. ಹೇಳುತ್ತಾ ಹೋದಂತೆ ನನಗೆ ನನ್ನ ಕಿವಿಯ ದುಃಖ ಹಿಂದೆ ಸರಿದು ಬೇರೊಂದು ದುಃಖ ಎದುರಿಗೆ ಬಂತು. ಕಳೆದುಹೋದ ಹಾಡನ್ನು ಹುಡುಕುತ್ತೇನೆಂದು ಮೂರು ವರ್ಷ ಪ್ರತಿ ಭಾನುವಾರವೂ ಇವಳ ಕಿವಿಗೆ ಸೂಜಿ ಚುಚ್ಚಿದ್ದೇನೆ. ಇವಳೂ ಸುಖವಾಗಿ ಕೇಳುತ್ತಿದ್ದಾಳೆ ಎಂದು ಬೇರೆ ಅಂದುಕೊಂಡಿದ್ದೆ.

“ಈಗ ಏನು ಮಾಡೋದು?” ಎಂದಳು.

ಏನು ಮಾಡುವುದೆಂದು ನನಗೂ ಗೊತ್ತಿರಲಿಲ್ಲ. ಎದ್ದು ಹೋಗಿ ಟ್ರೆಬಲ್ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದೆ. ಅಷ್ಟು ದಿನ ಒಂದೇ ಕಡೆ ನಿಂತಿದ್ದು ಅದು ಬಿಗಿಯಾಗಿತ್ತು. ನಡುವಿಗೆ ತಂದು ನಿಲ್ಲಿಸಿ, ಅದೇ ಹಾಡನ್ನು ಮೊದಲಿನಿಂದ ಹಾಕಿದೆ. ನನಗೆ ಅದು ಪಕ್ಕದ ಮನೆಯಲ್ಲಿ ಯಾರೋ ಹಾಡುತ್ತಿರುವಂತೆ ಕೇಳಿತು. ಮಾತು ಕೂಡ ಸರಿಯಾಗಿ ತಿಳಿಯುತ್ತಿರಲಿಲ್ಲ. ಸಾಲು ಬಾಯಿಪಾಠವಿದ್ದದ್ದರಿಂದ ಎಲ್ಲಿಗೆ ಬಂದಿದೆ ಎಂದು ಗೊತ್ತಾಗುತ್ತಿತ್ತು, ಅಷ್ಟೆ.

ಅವಳು ಕುಚ್ಚು ಕಟ್ಟಲು ಶುರು ಮಾಡಿದವಳು ಎರಡನೇ ಚರಣಕ್ಕೆ ಕೈ ನಿಲ್ಲಿಸಿದಳು. ಮುಖ ಸ್ವಲ್ಪ ಮೇಲೆತ್ತಿದಳು. ಹಾಡು ಮುಗಿಯುವವರೆಗೆ ಕುಚ್ಚಿನ ಮೇಲೆ ಕಣ್ಣು ಹಾಕಲಿಲ್ಲ.

“ಇದೇನಾ ನೀವು ಇಷ್ಟು ದಿವಸ ಹಾಕ್ತಿದ್ದ ಹಾಡು?” ಎಂದಳು.

ಹೌದು ಎಂದೆ.

“ಇನ್ನೊಂದು ಸಲ ಹಾಕಿ.”

ಹಾಕಿದೆ. ಅವಳು ಕೇಳಿದಳು.