ಅಣ್ಣ ಉಜ್ಜಿದ ಮಸೂರ

ಸಂಸ್ಥೆಯಲ್ಲಿ ಎಲ್ಲರೂ ಅವಳನ್ನು ಚಳಿಯಮ್ಮ ಎನ್ನುತ್ತಿದ್ದರು. ಬೆಟ್ಟದ ಮೇಲಿನ ಭಾರೀ ದೂರದರ್ಶಕಕ್ಕಾಗಿ ಅವಕೆಂಪು ಬೆಳಕು ಹಿಡಿಯುವ ಉಪಕರಣವೊಂದನ್ನು ಅವಳು ಹದಿನಾಲ್ಕು ವರ್ಷಗಳಿಂದ ರೂಪಿಸುತ್ತಿದ್ದಳು. ಅದು ಕಣ್ಣಿಗೆ ಕಾಣದ, ಶಾಖದ ಬೆಳಕು. ಉಪಕರಣವೇ ಬೆಚ್ಚಗಿದ್ದರೆ ತನ್ನ ಹೊಳಪಿನಲ್ಲೇ ನಕ್ಷತ್ರವನ್ನು ಮುಳುಗಿಸಿಬಿಡುತ್ತದೆ. ಹಾಗಾಗಿ ಎಲ್ಲವನ್ನೂ ಗಾಳಿ ತೆಗೆದ ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ಸೊನ್ನೆಗಿಂತ ಇನ್ನೂರು ಡಿಗ್ರಿ ಕೆಳಕ್ಕೆ ತಣಿಸಬೇಕು.

"ನಿನ್ನ ಪೆಟ್ಟಿಗೇಲಿ ಐಸ್‌ಕ್ರೀಮ್ ಇಡಬಹುದಾ?" ಎಂದು ಛೇಡಿಸಿದವರಿಗೆ, "ಅಲ್ಲಿ ಐಸ್‌ಕ್ರೀಮೂ ಕೆಂಡಾನೇ" ಎನ್ನುತ್ತಿದ್ದಳು.

ಅದರ ಮುಖ್ಯ ಮಸೂರವನ್ನು ಉಜ್ಜಿ ತಿದ್ದಿದವನು ಅವಳ ಅಣ್ಣ. ಕೆಳಮಹಡಿಯ ಕಾರ್ಯಾಗಾರದಲ್ಲಿ ಎಂಟು ತಿಂಗಳು ಕೆಮ್ಮುತ್ತಲೇ ಉಜ್ಜಿದ. ಒಪ್ಪಿಸಿದ ವಾರವೇ ಆಸ್ಪತ್ರೆ ಸೇರಿದ. ವೈದ್ಯರು ಮುಚ್ಚುಮರೆ ಮಾಡಲಿಲ್ಲ: "ಹತ್ತು ದಿನ ಅಷ್ಟೇ."

"ಅದರೊಳಗಿಂದ ಬಂದ ಚಿತ್ರ ಒಂದು ತೋರಿಸು ಕಣೇ," ಎಂದ ಅಣ್ಣ. "ನಕ್ಷತ್ರಾನೇ ಆಗ್ಬೇಕು ಅಂತಿಲ್ಲ. ಪರೀಕ್ಷೆ ದೀಪದ ಚುಕ್ಕೆ ಆದ್ರೂ ಸಾಕು."

ಪೆಟ್ಟಿಗೆ ತಣಿಯಲು ಹನ್ನೆರಡು ದಿನ ಬೇಕು. ಗಂಟೆಗೆ ಒಂದು ಡಿಗ್ರಿಗಿಂತ ಹೆಚ್ಚು ಇಳಿಸಕೂಡದೆಂದು ನಿಯಮ ಬರೆದವಳೂ ಅವಳೇ. ಈಗ ಆರು ದಿನಕ್ಕೆ ಇಳಿಸಿದಳು.

"ಬೇಡಮ್ಮ, ಹರಳಿನ ಮಸೂರ ಅದು, ತಡೆಯಲ್ಲ," ಎಂದರು ಗಾಳಿ ತೆಗೆಯುವ ಪಂಪು ನೋಡಿಕೊಳ್ಳುವ ಹಿರಿಯರು.

"ಲೆಕ್ಕ ಹಾಕಿದೀನಿ. ತಡೆಯುತ್ತೆ."

ನಾಲ್ಕನೆಯ ದಿನ ಮಧ್ಯಾಹ್ನ, ಪರದೆಯ ಮೇಲೆ ಆಗಷ್ಟೇ ಮಸುಕಾಗಿ ಮೂಡತೊಡಗಿದ್ದ ಪರೀಕ್ಷೆ ದೀಪದ ಚುಕ್ಕೆ ಎರಡಾಯಿತು. ಮಸೂರ ಸೀಳಿದೆಯೆಂದು ತಿಳಿಯಲು ಪೆಟ್ಟಿಗೆ ತೆರೆಯುವ ಅಗತ್ಯವೇ ಇರಲಿಲ್ಲ.

ಆಸ್ಪತ್ರೆಗೆ ಹೊರಟಾಗ, ಕಂಪ್ಯೂಟರಿನಲ್ಲಿ ಲೆಕ್ಕದಿಂದಲೇ ಬಿಡಿಸಿದ್ದ ಚುಕ್ಕೆಯ ಹಳೆಯ ಚಿತ್ರವೊಂದನ್ನು ಚೀಲದಲ್ಲಿಟ್ಟುಕೊಂಡಳು. ಅಣ್ಣ ಕನ್ನಡಕ ಕೇಳಿ ಹಾಕಿಕೊಂಡ. ತುಂಬ ಹೊತ್ತು ನೋಡಿದ.

"ಇದು ನನ್ನ ಮಸೂರದ್ದಲ್ಲ. ನನ್ನದರಲ್ಲಿ ಚುಕ್ಕೆಗೆ ಎಡಕ್ಕೆ ಒಂಚೂರು ಬಾಲ ಬರುತ್ತೆ. ಅದು ನಂಗೊಬ್ಬನಿಗೇ ಗೊತ್ತು." ಆಮೇಲೆ ಮೆಲ್ಲಗೆ ಕೇಳಿದ, "ಒಡೀತಾ?"

ಅವಳು ಹೌದೆಂದು ತಲೆಯಾಡಿಸಿದಳು.

"ನಂಗೋಸ್ಕರ ಅವಸರ ಮಾಡಿದ್ಯಾ?"

ಅವಳು ಚಿತ್ರವನ್ನು ಮತ್ತೆ ಚೀಲಕ್ಕೆ ತುರುಕಿದಳು. ಅಣ್ಣ ಕನ್ನಡಕ ತೆಗೆದು ಮಗ್ಗುಲಾದ. ಅತ್ತಿಗೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮರುದಿನ ಬೆಳಿಗ್ಗೆ ತಂಗಿ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಹಾಸಿಗೆ ಖಾಲಿಯಾಗಿತ್ತು.

ಮಸೂರ ಒಡೆದ ಬಗೆಗಿನ ವರದಿಯಲ್ಲಿ ಅವಳು ಯಾವ ನೆಪವನ್ನೂ ಹೇಳಲಿಲ್ಲ. "ತಪ್ಪು ನನ್ನದು" ಎಂದು ಬರೆದು ಸಹಿ ಹಾಕಿದಳು. ಬೇರೊಬ್ಬರು ಎರಡು ವರ್ಷ ಹಿಡಿದು ಹೊಸ ಮಸೂರ ಮಾಡಿಕೊಟ್ಟರು. ಉಪಕರಣ ಬೆಟ್ಟವೇರಿತು. ಧೂಳಿನ ಮೋಡದೊಳಗೆ ಆಗಷ್ಟೇ ಹುಟ್ಟುತ್ತಿದ್ದ ನಕ್ಷತ್ರವೊಂದರ ಚಿತ್ರ ಬಂದಾಗ ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅವಳನ್ನು ಮುಂದಕ್ಕೆಳೆದು ನಿಲ್ಲಿಸಿ ಫೋಟೊ ತೆಗೆದರು.

ಅವಳು ಹೊರಗೆ ಬಂದು ಅತ್ತಿಗೆಗೆ ಫೋನ್ ಮಾಡಿದಳು. ಆಸ್ಪತ್ರೆಯ ಬಾಗಿಲಲ್ಲಿ ಆ ಮಾತು ಕೇಳಿಸಿಕೊಂಡ ಮೇಲೆ, ಎರಡು ವರ್ಷಕ್ಕೂ ಮೇಲಾಗಿ, ಅತ್ತಿಗೆ ಅವಳೊಡನೆ ಮಾತಾಡಿರಲಿಲ್ಲ.

"ಅತ್ತಿಗೆ, ಉಪಕರಣ ಕೆಲಸ ಮಾಡ್ತು."



"ಒಳ್ಳೇದಾಯ್ತು," ಎಂದಳು ಅತ್ತಿಗೆ. ಫೋನ್ ಇಟ್ಟಳು.