ಮಗ್ಗದ ಮೇಲೆ ಬಿಳಿ ನಂಬರ್

ಮೊನ್ನೆ ಮರಾಠಿ ಸೀಮೆಯ ನಮ್ಮ ಉಮರ್ಗಾ ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಅಮೆರಿಕದ ಪಂಚಾಯಿತಿ ನಡೆದಿತ್ತು. ಅಲ್ಲಿಯ ಸರಕಾರ ದೊಡ್ಡ ದೊಡ್ಡ ಕಂಪನಿಗಳಲ್ಲಿ ಪಾಲು ತಗೊಳ್ಳುತ್ತಿದೆಯಂತೆ, ಹೀಗೇ ನಡೆದರೆ ನಾಳೆ ಕಾರ್ಖಾನೆಗಳೆಲ್ಲ ಸರಕಾರದ್ದೇ ಆಗುತ್ತವಂತೆ. ನಿವೃತ್ತ ಮಾಸ್ತರರೊಬ್ಬರು ಮೊಬೈಲ್ ನೋಡಿ ಓದಿ ಹೇಳುತ್ತಿದ್ದರು. ನನ್ನ ಕಾಕಾ ಪಕ್ಕದಲ್ಲಿ ಬಸಿಗೆ ಚಹಾ ಸುರಿದುಕೊಂಡು ಕೇಳುತ್ತಿದ್ದ. ಆ ಅಮೆರಿಕದವರಿಗೆ ನನ್ನದೊಂದು ಪುಕ್ಕಟೆ ಸಲಹೆ: ಮೊದಲು ಲೋಹಾರಾ ರಸ್ತೆಗೆ ಬಂದು ನಮ್ಮ ಸರಕಾರಿ ಕಂಬಳಿ ಕೇಂದ್ರ ನೋಡಿಕೊಂಡು ಹೋಗಲಿ. ಬೀಗ ಬಿದ್ದಿದೆ, ಆದರೂ ಕಿಟಕಿಯಿಂದ ಎಲ್ಲ ಕಾಣಿಸುತ್ತದೆ.

ಕಾಕಾ ಅಲ್ಲಿ ನೇಕಾರನಾಗಿದ್ದ. ನಮ್ಮದು ಕುರಿ ಸಾಕುವ, ಬೀರಪ್ಪ ದೇವರಿಗೆ ನಡೆದುಕೊಳ್ಳುವ ಮನೆತನ. ಕೇಂದ್ರ ಶುರುವಾದಾಗ, ಸ್ವಂತ ಮಗ್ಗ ತಂದವರಿಗೆ ಕಾಯಂ ನೌಕರಿ ಎಂದು ಸಾಹೇಬರು ಸಾರಿದರು. ಕಾಕಾ ಅಜ್ಜನ ಕಾಲದ ಮಗ್ಗ ಬಿಚ್ಚಿ ಗಾಡಿಯಲ್ಲಿ ಹೇರಿಕೊಂಡು ಹೋದ. ಮರುದಿನವೇ ಅದರ ಕಂಬಕ್ಕೆ ಬಿಳಿ ಬಣ್ಣದಲ್ಲಿ ನಂಬರ್ ಬರೆದರು. ನಮಗೆ ಅದೂ ಒಂದು ಮರ್ಯಾದೆ ಎನಿಸಿತ್ತು. ಕಾಕಿ ಹೋಗಿ ನಂಬರಿನ ಪಕ್ಕದಲ್ಲಿ ಕುಂಕುಮ ಹಚ್ಚಿ ಬಂದಳು.

ಕಂಬಳಿ ಗಟ್ಟಿಯಾಗಬೇಕಾದರೆ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಬೇಕು. ಇದು ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಸರಕಾರದ ಮನೆಯಲ್ಲಿ ಗೊತ್ತಿದ್ದರೆ ಸಾಲದು, ಅರ್ಜಿ ಹೋಗಬೇಕು. ಹೋಯಿತು. ನೇಕಾರರಿಗೆ ಕಳಪೆ ಮಾಲು ಕೊಡಬಾರದೆಂದು ಮೇಲಿನವರು ಒಂದನೇ ದರ್ಜೆಯ ಹುಣಸೆ ಮಂಜೂರು ಮಾಡಿದರು. ಒಂದನೇ ದರ್ಜೆ ಎಂದರೆ ಬೀಜ ತೆಗೆದದ್ದು. ಉದಗೀರದ ಅಡತಿ ಅಂಗಡಿಯಿಂದ ಮೂಟೆ ಮೂಟೆ ಬಂತು, ಹುಡುಕಿದರೂ ಒಂದು ಬೀಜವಿಲ್ಲ.

"ಸರಕಾರಕ್ಕ ನಮ್ಮ ಮ್ಯಾಲ ಎಷ್ಟು ಕಾಳಜಿ ನೋಡ್ರಿ, ಬೀಜ ಸುದ್ದಾ ತಾವೇ ತೆಗ್ದು ಕಳ್ಸ್ಯಾರ," ಎಂದಳು ಕಾಕಿ.

ಆ ವರ್ಷ ನೇಕಾರರ ಮನೆಗಳಲ್ಲಿ ಸಾರು ಭರ್ಜರಿ ಹುಳಿಯಾಯಿತು. ಕಂಬಳಿ ಮಾತ್ರ ಒಂದೂ ಆಗಲಿಲ್ಲ.

ಕಂಬಳಿ ಆಗಲಿಲ್ಲವೆಂದು ಕೇಂದ್ರ ಮುಚ್ಚುವ ಮಾತು ಬಂತು. ತಪಾಸಣೆಗೆ ಬರುವ ಸಾಹೇಬರಿಗೆ ಒಂದಾದರೂ ಒಳ್ಳೆಯ ಕಂಬಳಿ ತೋರಿಸಿದರೆ ಉಳಿಯಬಹುದು ಎಂದು ಕೇಂದ್ರದವರು ಹೇಳಿದರು. ಕಾಕಾನಿಗೆ ನೌಕರಿಗಿಂತ ಮಗ್ಗದ್ದೇ ಚಿಂತೆ. ಬಾಗಿಲು ಮುಚ್ಚಿದರೆ ಅದು ಒಳಗೇ ಉಳಿಯುತ್ತದಲ್ಲ. ಮನೆಯಿಂದ ಬೀಜ ಒಯ್ದ, ನಮ್ಮ ಕುರಿಗಳ ಉಣ್ಣೆ ಒಯ್ದ, ಹಗಲೆಲ್ಲ ಕುಳಿತು ನೇಯ್ದ. ಎಂಥ ಕಂಬಳಿ ಅಂತೀರಿ, ನೀರು ಹೊಯ್ದರೆ ಒಳಗಿಳಿಯದೆ ಮೇಲೇ ನಿಲ್ಲುತ್ತಿತ್ತು.

ಸಾಹೇಬರು ಮುಟ್ಟಿ ನೋಡಿ ಭೇಷ್ ಎಂದರು. ಆಮೇಲೆ ರಿಜಿಸ್ಟರ್ ತೆರೆದರು. ಬೀಜ ಬಂದದ್ದಕ್ಕೆ ದಾಖಲೆಯಿಲ್ಲ, ಉಣ್ಣೆಗೂ ಇಲ್ಲ. ಹಾಗಾಗಿ ಇದು ಸರಕಾರಿ ಕಂಬಳಿಯೇ ಅಲ್ಲ, ಖಾಸಗಿ ಮಾಲು, ಮನೆಗೆ ಒಯ್ಯಿ ಎಂದು ಮರಾಠಿಯಲ್ಲಿ ಅಪ್ಪಣೆ ಕೊಡಿಸಿದರು.

"ಹಂಗಾದ್ರ ಮಗ್ಗಾನೂ ಒಯ್ತೀನ್ರಿ ಸಾಹೇಬ್ರ. ಅದೂ ನಮ್ಮ ಮನೀದೇ," ಎಂದ ಕಾಕಾ.

ಸಾಹೇಬರು ಕಂಬದ ಮೇಲಿನ ನಂಬರ್ ತೋರಿಸಿ, ಇದು ದಾಖಲೆಯಾದ ಸರಕಾರಿ ಆಸ್ತಿ ಎಂದರು. ಕಾಕಿ ಹಚ್ಚಿದ ಕುಂಕುಮ ಎಂದೋ ಅಳಿಸಿತ್ತು, ನಂಬರ್ ನಿನ್ನೆ ಬರೆದಷ್ಟು ಬೆಳ್ಳಗಿತ್ತು. ಬಾಗಿಲಿಗೆ ಬೀಗ ಬಿತ್ತು. ಮಗ್ಗ ಒಳಗೇ ಉಳಿಯಿತು. ಕಂಬಳಿಯನ್ನು ಬೀರಪ್ಪನ ಗದ್ದುಗೆಗೆ ಹಾಸಿದೆವು. ಅವನೇನೂ ರಿಜಿಸ್ಟರ್ ಕೇಳಲಿಲ್ಲ.

ಮೊನ್ನೆ ಚಹಾದಂಗಡಿಯಲ್ಲಿ ಮಾಸ್ತರರು ಅಮೆರಿಕವನ್ನು ಓದಿ ಮುಗಿಸಿದರು. ಕಾಕಾ ಬಸಿ ಕೆಳಗಿಟ್ಟು ಕೇಳಿದ:

"ಮಾಸ್ತರ್, ನಂಬರ್ ಬರೀಲಾಕ ಬಿಡಬ್ಯಾಡ್ರಿ ಅಂತ ಅಲ್ಲೀ ಮಂದಿಗಿ ಯಾರರ ಹೇಳ್ಯಾರೇನ್ರಿ?"