ಏಣಿ ತೆಗೆದ ದಿನ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದಲ್ಲಿ ಬಣ್ಣದ ಕೆಲಸ ಗುತ್ತಿಗೆ ಹಿಡಿಯುತ್ತಿದ್ದೆ. ಅಕ್ಕನ ಗಂಡ ನನ್ನ ಹತ್ತಿರವೇ ಕೆಲಸಕ್ಕಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ನನಗೆ ಬ್ರಷ್ ಹಿಡಿಯುವುದನ್ನು ಕಲಿಸಿದವರೂ ಅವರೇ. ಎಂಥ ಎತ್ತರದ ಗೋಡೆಯಾದರೂ ಬೀಡಿ ಕಚ್ಚಿಕೊಂಡು ಹತ್ತುತ್ತಿದ್ದರು.

ಸೊರಬದಲ್ಲಿ ಒಂದು ಎರಡಂತಸ್ತಿನ ಕಟ್ಟಡಕ್ಕೆ ಬಣ್ಣ ಹೊಡೆಯುವಾಗ ಬಿದಿರಿನ ಅಟ್ಟಣಿಗೆಯ ಹಗ್ಗ ಹರಿಯಿತು. ಭಾವನ ಪಕ್ಕದಲ್ಲಿದ್ದ ಕೆಲಸಗಾರ ಕೆಳಗೆ ಬಿದ್ದು ಸತ್ತ. ಭಾವ ಕಿಟಕಿಯ ಸರಳು ಹಿಡಿದು ಉಳಿದುಕೊಂಡರು. ಹಗ್ಗ ಹಳೆಯದಾಗಿದೆ ಎಂದು ಅವರು ಹಿಂದಿನ ವಾರವೇ ನನಗೆ ಹೇಳಿದ್ದರು. ಅದನ್ನು ನಾನು ಯಾರಿಗೂ ಹೇಳಲಿಲ್ಲ. ಅವರೂ ಹೇಳಲಿಲ್ಲ.

ಆಮೇಲೆ ಭಾವ ಏಣಿಯ ಮೂರನೇ ಮೆಟ್ಟಿಲಿಗೇ ನಿಂತುಬಿಡುತ್ತಿದ್ದರು. ಅಂಗಿ ಬೆವರಿನಲ್ಲಿ ತೊಯ್ದು ಹೋಗುತ್ತಿತ್ತು. ಕೆಲಸದವರೆದುರು ನಾನು ಅವರನ್ನು ‘ನೆಲದ ಪೇಂಟರು’ ಎಂದು ಕರೆದೆ. ಎಲ್ಲರೂ ನಕ್ಕರು. ಅವರೂ ಸ್ವಲ್ಪ ನಕ್ಕರು.

ಅಕ್ಕ ಹಟ ಹಿಡಿದು ನನ್ನ ಜೊತೆ ಅವರನ್ನು ಶಿವಮೊಗ್ಗಕ್ಕೆ ಕಳಿಸಿದಳು. ವಿದೇಶದಲ್ಲಿ ಕಲಿತು ಬಂದ ಮನೋವೈದ್ಯೆಯೊಬ್ಬರು ಅಲ್ಲೊಂದು ಯಂತ್ರ ಇಟ್ಟುಕೊಂಡಿದ್ದರು. ಹೆಲ್ಮೆಟ್ಟಿನಂಥದ್ದು, ಕಣ್ಣೆದುರು ಎರಡು ಪುಟ್ಟ ಪರದೆ, ಹಿಂದಿನಿಂದ ಕಂಪ್ಯೂಟರಿಗೆ ದಪ್ಪನೆಯ ವೈರು. ಹಾಕಿಕೊಂಡರೆ ದೊಡ್ಡ ಕಟ್ಟಡದ ಬಾಲ್ಕನಿಯಲ್ಲಿ ನಿಂತ ಹಾಗೆ. ತಲೆ ಬಗ್ಗಿಸಿದರೆ ಕೆಳಗೆ ರಸ್ತೆ. ನಾನೂ ಹಾಕಿ ನೋಡಿದೆ. ಮಕ್ಕಳ ವಿಡಿಯೋ ಗೇಮಿನಂತಿತ್ತು. ಭಾವ ಮಾತ್ರ ಕುರ್ಚಿಯ ಕೈ ಬಿಗಿಯಾಗಿ ಹಿಡಿದು ಅತ್ತರು.

“ತೆಗೀಲಾ?” ಎಂದು ವೈದ್ಯೆ ಕೇಳಿದರು.

“ಇರ್ಲಿ ರೀ. ಇನ್ನೊಂದ್ ಸ್ವಲ್ಪ ನೋಡ್ತೀನಿ.”

ವಾರಕ್ಕೊಮ್ಮೆ ಹೋದೆವು. ಮೂರನೇ ಸಲ ವಾಪಸು ಬರುವಾಗ ಬಸ್ಸಿನಲ್ಲಿ ಭಾವ ತಾವಾಗಿಯೇ ಮಾತು ತೆಗೆದರು. “ಇವತ್ತು ಮೂರ್ನೇ ಮಹಡಿಯಿಂದ ಕೆಳಗೆ ನೋಡ್ದೆ ಮಾರಾಯ. ಎದೆ ಹೊಡ್ಕಂತು. ಆಮೇಲೆ ತಾನಾಗೇ ತಣ್ಣಗಾತು.”

ಇನ್ನೂ ಐದು ಸಲ ಬರಬೇಕು, ಅಲ್ಲಿಯತನಕ ನಿಜವಾದ ಎತ್ತರಕ್ಕೆ ಹತ್ತಿಸಬೇಡಿ ಎಂದು ವೈದ್ಯೆ ನನಗೆ ಹೇಳಿದ್ದರು. ಅದೇ ವಾರ ಜಡೆ ಎಂಬ ಊರಿನ ಒಂದು ಅಕ್ಕಿ ಗಿರಣಿಯಲ್ಲಿ ನನಗೆ ಆಳು ಕಡಿಮೆ ಬಿತ್ತು.

“ಡಾಕ್ಟ್ರು ಫೋನ್ ಮಾಡಿದ್ರು ಭಾವ. ಒಂದ್ಸಲ ಹತ್ತಿ ನೋಡ್ಲಿ ಅಂದ್ರು” ಎಂದೆ.

ನಂಬಿದರು. ಒಂದೊಂದೇ ಮೆಟ್ಟಿಲು ಹತ್ತಿ ಅಟ್ಟಣಿಗೆ ಸೇರಿದರು. ಅಲ್ಲಿ ಬಿದಿರು ಅಪ್ಪಿಕೊಂಡು ಕಣ್ಣು ಮುಚ್ಚಿದರು. ನಾನು ಏಣಿ ತೆಗೆದು ಗೋಡೆಯ ಬದಿಗೆ ಮಲಗಿಸಿದೆ.

“ಏಣಿ ಇಡೋ.”

“ಗೋಡೆ ಮುಗಿಸ್ರಿ, ಇಡ್ತೀನಿ. ಯಂತ್ರದಾಗೆ ಮೂರ್ ಮಹಡಿ ಹತ್ತಿದೋರಿಗೆ ಇದೇನ್ ಮಹಾ.”

“ನಿನ್ ಕಾಲಿಗೆ ಬೀಳ್ತೀನಿ, ಇಡೋ.”

ಭತ್ತ ತಂದವರು ಚೀಲ ಇಳಿಸಿ ನೋಡುತ್ತ ನಿಂತರು. ಭಾವನ ಪ್ಯಾಂಟು ಒದ್ದೆಯಾದಾಗ ಯಾರೋ ಜೋರಾಗಿ ನಕ್ಕರು. ನಾನೂ ನಕ್ಕೆ. ಒಂದು ಕೈಯಲ್ಲಿ ಬಿದಿರು ಹಿಡಿದು, ಇನ್ನೊಂದರಲ್ಲಿ ಅವರು ಬಣ್ಣ ಬಳಿಯತೊಡಗಿದರು. ಮುಗಿಯುವಾಗ ಮಧ್ಯಾಹ್ನ ದಾಟಿತ್ತು. ಏಣಿ ಇಟ್ಟರೂ ಇಳಿಯಲಾಗದೆ, ಇಬ್ಬರು ಹೋಗಿ ಹಿಡಿದು ಇಳಿಸಬೇಕಾಯಿತು.

“ಹೋತಲ್ಲ ಭಯ” ಎಂದು ಎಲ್ಲರೆದುರು ಅವರ ಬೆನ್ನು ತಟ್ಟಿದೆ. ಅವರು ಅಲ್ಲೇ ವಾಂತಿ ಮಾಡಿಕೊಂಡರು.

ಮನೆಯಲ್ಲಿ ಅವರು ಅಕ್ಕನಿಗೆ ಏಣಿಯ ವಿಷಯ ಹೇಳಲಿಲ್ಲ. ಮುಂದಿನ ವಾರ ಶಿವಮೊಗ್ಗಕ್ಕೆ ಹೊರಡಲೂ ಇಲ್ಲ. ನಾನೊಬ್ಬನೇ ಹೋಗಿ, ನಾಲ್ಕು ತಾಸಿನಲ್ಲಿ ಭಯ ಬಿಡಿಸಿದೆ ಎಂದು ವೈದ್ಯೆಯ ಮುಂದೆ ಹೆಮ್ಮೆಯಿಂದ ವರದಿ ಒಪ್ಪಿಸಿದೆ. ಅವರು ಪೆನ್ನು ಕೆಳಗಿಟ್ಟರು.

“ಇಲ್ಲಿ ಅವರು ಯಾವಾಗ ಬೇಕಾದರೂ ಹೆಲ್ಮೆಟ್ ತೆಗೀಬಹುದಿತ್ತು. ಆ ಧೈರ್ಯದ ಮೇಲೇ ಕೂತಿರ್ತಿದ್ರು. ನೀವು ಅದನ್ನೇ ಕಿತ್ಕೊಂಡ್ರಿ.” ಪೆನ್ನು ಮತ್ತೆ ಎತ್ತಿಕೊಂಡು, “ಇನ್ನೂ ಸಮಯ ಇದೆ. ಅವರನ್ನ ಕರ್ಕೊಂಡು ಬನ್ನಿ” ಎಂದರು.

ಕರೆದುಕೊಂಡು ಹೋದರೆ, ಒಂದು ವಾರ ತಪ್ಪಿಸಿದ್ದಕ್ಕೆ ಈ ಸಲ ಅಕ್ಕನೂ ಬರುತ್ತಾಳೆ, ಏಣಿಯ ವಿಷಯ ಹೊರಬೀಳುತ್ತದೆ. ಅದಕ್ಕೇ ಮನೆಗೆ ಬಂದು, “ಇನ್ನು ಬರೋದು ಬೇಡ ಅಂದ್ರು” ಎಂದೆ. ಭಾವ ತಲೆಯಾಡಿಸಿದರು.

ಮುಂದೆ ಅವರು ಬಸ್‌ಸ್ಟ್ಯಾಂಡಿನ ಹತ್ತಿರ ಗೋಣಿಚೀಲ ಹಾಸಿ ಕೂತು ಬೈಕುಗಳ ನಂಬರ್ ಪ್ಲೇಟು ಬರೆದರು. ಎಷ್ಟೋ ವರ್ಷ, ಸಾಯುವತನಕ. ಜಡೆಯ ಕತೆಯನ್ನು ನಾನು ಕೆಲಸದವರಿಗೆ ತಮಾಷೆಯಾಗಿ ಹೇಳುತ್ತಲೇ ಇದ್ದೆ.

ಅವರು ತೀರಿಕೊಂಡ ಮೇಲೆ ಒಂದು ದಿನ ಅಕ್ಕ ಕಾಫಿ ಕೊಡುತ್ತ ಹೇಳಿದಳು: “ಆ ಡಾಕ್ಟ್ರಮ್ಮ ಬರೋದ್ ಬೇಡ ಅಂದ್ರಲ್ಲ, ಅದೇ ಅವರಿಗೆ ಕೊನೆತನಕ ಕೊರಗು ಕಣೋ. ‘ನಾನು ವಾಸಿಯಾಗೋನಲ್ಲ ಅಂತ ಕೈಬಿಟ್ರು’ ಅಂತಿದ್ರು. ಹೌದೇನೋ?”

“ಹೂಂ” ಎಂದೆ.